ಲವಂಗ ಹೆಚ್ಚಾದ ಅತ್ತರು

ಬೀದಿಯವರು ಅವನಿಗಿಟ್ಟ ಹೆಸರು ಗಿರಗಿಟ್ಲೆ. ನಿಂತಲ್ಲಿ ನಿಲ್ಲದ, ಕೂತಲ್ಲಿ ಕೂರದ ಮನುಷ್ಯ. ಅಂಥವನಿಗೆ ಒದಗಿದ್ದು ಅತ್ತರಿನ ಕಸುಬು. ಬೆರೆಸಿದ ಮೇಲೆ ಶೀಸೆಯನ್ನು ವಾರಗಟ್ಟಲೆ ಮುಟ್ಟದೆ ಬಿಡಬೇಕಾದ ಕಸುಬು. ಅಣ್ಣ ಇದ್ದಷ್ಟು ಕಾಲ ತೊಂದರೆಯಿರಲಿಲ್ಲ. ಬೆರೆಸುವುದು ಅಣ್ಣನದು, ಅಲೆದು ಮಾರುವುದು ತಮ್ಮನದು.

ಅಣ್ಣ ತೀರಿಕೊಂಡ ಮೇಲೆ ಶೀಸೆಗಳು ತಮ್ಮನ ಕೈಗೆ ಬಂದವು. ಅಂಗಡಿ ನಿಂತದ್ದೇ ಒಂದು ಅತ್ತರಿನ ಮೇಲೆ. ಹಚ್ಚಿದ ಕೂಡಲೇ ಲವಂಗ, ದಾಲ್ಚಿನ್ನಿ ಜಗಳಕ್ಕೆ ಬಂದಂತೆ ಮೂಗಿಗೆ ನುಗ್ಗುತ್ತವೆ. ಜಗಳ ತಣ್ಣಗಾದ ಮೇಲೆ ಗುಲಾಬಿ, ಮಲ್ಲಿಗೆ ಮೆಲ್ಲಗೆ ತಲೆಯೆತ್ತುತ್ತವೆ. ಸಂಜೆಯ ಹೊತ್ತಿಗೆ ಚರ್ಮದ ಮೇಲೆ ಉಳಿಯುವುದು ಶ್ರೀಗಂಧ ಮತ್ತು ದೇವದಾರು, ಊಟವಾದರೂ ಎದ್ದು ಹೋಗದ ನೆಂಟರ ಹಾಗೆ. ಅದರ ಅಳತೆಯನ್ನು ಯಾರೂ ಬರೆದಿಟ್ಟಿರಲಿಲ್ಲ. ಅಣ್ಣನ ಮೂಗಿನಲ್ಲಿತ್ತು, ಮೂಗಿನ ಜೊತೆಗೇ ಹೋಯಿತು.

ತಮ್ಮನ ಮೂಗೇನು ಕಡಿಮೆಯದಲ್ಲ, ಅಣ್ಣನದಕ್ಕಿಂತ ಚುರುಕು. ಅವನು ಬೆರೆಸಿದ್ದು ಹದವಾಗಿಯೇ ಇತ್ತು. ಆದರೆ ಸಗಟಿಗೆ ಕೊಳ್ಳುವ ಸಾಹುಕಾರರು ಮಣಿಕಟ್ಟಿಗೆ ಹಚ್ಚಿ, ಮೂಸಿ, ಹುಬ್ಬು ಗಂಟಿಕ್ಕಿದರು.

“ಚೆನ್ನಾಗಿದೆಯಪ್ಪ. ಆದ್ರೆ ನಿಮ್ಮಣ್ಣಂದು ಹೀಗಿರ್ಲಿಲ್ಲ. ಅದು ಮೊದಲು ಬೈದು, ಆಮೇಲೆ ಮುದ್ದು ಮಾಡ್ತಿತ್ತು. ಇದು ಬಂದಾಗಿಂದ ಬರೀ ಹಲ್ಲು ಕಿರೀತಿದೆ.”

“ಇನ್ನೊಂದು ಸಲ ಬೆರೆಸಿ ನೋಡ್ತೀನಿ, ಸಾಹುಕಾರ್ರೇ.”

“ನೋಡು. ಮುಂದಿನ ಸಲವೂ ಇದೇ ಆದ್ರೆ ನಾನು ಬೇರೆ ಅಂಗಡಿ ಹುಡುಕ್ತೀನಿ. ಬೇಜಾರು ಮಾಡ್ಕೋಬೇಡ.”

ಸಾಹುಕಾರರು ಕೈಬಿಟ್ಟರೆ ಬಾಗಿಲು ಮುಚ್ಚಿದ ಹಾಗೆಯೇ. ಅಂದಿನಿಂದ ಗಿರಗಿಟ್ಲೆಗೆ ಮೈಮೇಲೆ ಇರುವೆ ಬಿಟ್ಟುಕೊಂಡಂತಾಯಿತು. ಬಿರಡೆ ತೆಗೆದು ಮೂಸಿದ, ಮುಚ್ಚಿದ, ಬಾಗಿಲವರೆಗೆ ಹೋಗಿ ಬಂದು ಮತ್ತೆ ತೆಗೆದ. ಗುಲಾಬಿ ಹೆಚ್ಚಿಸಿದ, ಗಂಧ ಏರಿಸಿದ. ಅತ್ತರು ಇನ್ನಷ್ಟು ಸಭ್ಯವಾಯಿತು.

“ಆ ಶೀಸೆಗೂ ಸ್ವಲ್ಪ ನಿದ್ದೆ ಮಾಡೋಕೆ ಬಿಡು, ಪುಣ್ಯಾತ್ಮ,” ಎಂದಳು ಒಳಕೋಣೆಯಲ್ಲಿ ಪುಟ್ಟ ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದ ಅತ್ತಿಗೆ.

“ಅಣ್ಣ ಅದಕ್ಕೆ ಏನು ಹಾಕ್ತಿದ್ದ, ಅತ್ತಿಗೆ? ನೀವು ಪಕ್ಕದಲ್ಲೇ ಇರ್ತಿದ್ರಲ್ಲ.”

“ನಂಗೇನು ಗೊತ್ತು? ಬೆರೆಸೋವಾಗ ಮಾತಾಡ್ಸಿದ್ರೆ ಉತ್ತರಾನೇ ಬರ್ತಿರ್ಲಿಲ್ಲ. ಹಲ್ಲುನೋವಿಗೆ ಅಂತ ಬಾಯಿ ತುಂಬ ಲವಂಗ.”

ಅವನು ಬಿರಡೆ ಹಿಡಿದುಕೊಂಡೇ ನಿಂತ. “ದಿನಾಲೂ?”

“ನಾನು ಈ ಮನೆಗೆ ಬಂದಾಗಿಂದ. ಹಲ್ಲು ಕೀಳಿಸ್ಕೊಳ್ಳೋಕೆ ಧೈರ್ಯ ಬೇಕಲ್ಲ.”

ಬಾಯಲ್ಲಿ ಲವಂಗ ಇಟ್ಟುಕೊಂಡವನ ಮೂಗಿಗೆ ಶೀಸೆಯ ಲವಂಗ ತಿಳಿಯುವುದಿಲ್ಲ. ತಿಳಿಯದ್ದನ್ನು ಅಣ್ಣ ಸಾಲದೆಂದು ಹಾಕುತ್ತಲೇ ಹೋಗಿದ್ದ. ಇಡೀ ಪೇಟೆ ಕಣ್ಣು ಮುಚ್ಚಿ ಮೂಸಿ ಮೆಚ್ಚಿದ್ದು ಅವನ ಹುಳುಕು ಹಲ್ಲನ್ನು.

ಗಿರಗಿಟ್ಲೆ ಒಂದು ಹಿಡಿ ಲವಂಗ ಬಾಯಿಗೆ ಹಾಕಿಕೊಂಡ. ನಾಲಗೆ ಮರಗಟ್ಟಿ, ಕಣ್ಣಲ್ಲಿ ನೀರು ಬಂದ ಮೇಲೆ ಹೊಸದಾಗಿ ಬೆರೆಸತೊಡಗಿದ. ಹದ ಸಿಕ್ಕಿತೆನಿಸಿದ ಕೂಡಲೇ ಅತ್ತಿಗೆ ಶೀಸೆಯನ್ನು ಕಸಿದು ಪೆಟ್ಟಿಗೆಯಲ್ಲಿಟ್ಟು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸಾಹುಕಾರರು ಬರುವವರೆಗೆ ವಾರಗಟ್ಟಲೆ ಅವನು ಹಾಲಿನ ಪಾತ್ರೆಯ ಸುತ್ತ ಬೆಕ್ಕಿನಂತೆ ಆ ಪೆಟ್ಟಿಗೆಯ ಸುತ್ತ ಅಲೆದ.

ಸಾಹುಕಾರರು ಬೆಳಗ್ಗೆಯೇ ಬಂದರು. ಹಚ್ಚಿಕೊಂಡರು, ಜೋರಾಗಿ ಸೀನಿದರು, ಕುರ್ಚಿಗೆ ಒರಗಿ ಕೂತರು. ಹೂವು ಬರಲಿ ಎಂದು ಕಾದರು. ಮರ ಬರಲಿ ಎಂದು ಮತ್ತೂ ಕಾದರು. ಗಿರಗಿಟ್ಲೆ ಒರೆಸಿದ ಗಾಜನ್ನೇ ಒರೆಸುತ್ತಿದ್ದ. ಬಿಸಿಲು ಇಳಿಯುವಾಗ ಅವರು ಮಣಿಕಟ್ಟನ್ನು ಇನ್ನೊಮ್ಮೆ ಮೂಗಿಗೆ ಹಿಡಿದರು.

“ಇದೇ ಅಲ್ವೇನಪ್ಪ. ಇಷ್ಟು ದಿನ ಯಾಕೆ ಬಚ್ಚಿಟ್ಟಿದ್ದೆ? ಮೊದಲಿನ ಹಾಗೇ ಕಳಿಸ್ತಿರು. ಒಂದು ಹನೀನೂ ಆಚೀಚೆ ಮಾಡ್ಬೇಡ.”

“ಆಗ್ಲಿ, ಸಾಹುಕಾರ್ರೇ.”

ಅವರು ಮೆಟ್ಟಿಲಿಳಿದ ಮೇಲೆ ಅತ್ತಿಗೆ ನಕ್ಕಳು. “ಗೆದ್ದೆಯಲ್ಲ. ಇನ್ನಾದ್ರೂ ಕೂತ್ಕೋ.”

“ಗೆದ್ದಿದ್ದು ಅಣ್ಣನ ಹಲ್ಲು.”

“ಹಾಗಾದ್ರೆ ನಿಂದು ಆ ಹಳೇದು? ಚೆಲ್ಲಲಾ?”

“ಇರ್ಲಿ ಬಿಡಿ.”

ಅವನು ಕೂರಲಿಲ್ಲ. ತಾನು ಹದವೆಂದು ನಂಬಿದ ಆ ಸಭ್ಯ ಅತ್ತರನ್ನು ಕುತ್ತಿಗೆಗೆ, ಎರಡೂ ಕೈಗೆ ಧಾರಾಳವಾಗಿ ಬಳಿದುಕೊಂಡು ಬೀದಿಗಿಳಿದ. ಜನ ಗಿಜಿಗುಡುವ ಹೊತ್ತು. ಚಮ್ಮಾರನ ಪಕ್ಕ ನಿಂತ, ಬಸ್ಸಿಗೆ ಕಾಯುವವರ ಸಾಲಿನೊಳಗೆ ಸುಮ್ಮನೆ ನುಸುಳಿದ. ಒಬ್ಬರಾದರೂ ಮೂಗರಳಿಸಲಿಲ್ಲ. ಈ ಕಡೆಯವರ ಮೂಗೇ ಸರಿಯಿಲ್ಲವೆಂದು ರಸ್ತೆ ದಾಟಿ, ಮುಂದಿನ ಬೀದಿಗೆ ತಿರುಗಿದ.