ಮೊದಲು ಕಾಮಾಲೆ, ಆಮೇಲೆ ಕುದಿಸಿದ ನೀರು

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಕೃಷ್ಣವೇಣಿ ಬಾಲಿಗಂಜ್‌ನ ರೈಲು ಹಳಿಯ ಪಕ್ಕದ ಗಲ್ಲಿಯಲ್ಲಿ ನಿಂತು, ಗೋಡೆಗೆ ಅಂಟಿಸಿದ್ದ ಕರಪತ್ರವನ್ನು ಎರಡನೇ ಸಲ ಓದುತ್ತಿದ್ದಳು. ಮೊದಲ ಸಲ ತನ್ನ ಬಂಗಾಳಿಯೇ ಕೈಕೊಟ್ಟಿತೇನೋ ಅನ್ನಿಸಿತ್ತು. ಇಲ್ಲ, ಬರೆದದ್ದು ಅದೇ: ನೀರು ಕುದಿಸುವ ಮನೆಗಳಲ್ಲೇ ಕಾಮಾಲೆ ಹೆಚ್ಚು, ದೋಷ ನಲ್ಲಿಯ ನೀರಿನದಲ್ಲ, ಕುದಿಸಿ ತುಂಬಿಡುವ ಪಾತ್ರೆಗಳದು, ಗೃಹಿಣಿಯರು ಪಾತ್ರೆ ಚೆನ್ನಾಗಿ ತೊಳೆಯಬೇಕು.

ಎದುರು ಮನೆಯ ದರ್ಜಿ ಮಿಹಿರ್ ಕೊರಳಲ್ಲಿ ಟೇಪು ಹಾಕಿಕೊಂಡೇ ಹೊರಬಂದ.

“ಓದಿದಿರಾ ದಿದಿ? ಗಲ್ಲಿಯೆಲ್ಲ ಈಗ ನನ್ನ ಹೆಂಡತಿಯನ್ನು ಕೊಳಕಿ ಅನ್ನುತ್ತಿದೆ. ಮಗಳು ಹಳದಿಯಾಗಿ ಮಲಗಿದ ಮೇಲಲ್ಲವೆ ನಾವು ನೀರು ಕುದಿಸಲು ಹಿಡಿದದ್ದು? ನಿಮಗೆ ಹೇಳಿರಲಿಲ್ಲವೆ?”

“ಹೇಳಿದ್ದಿರಿ ದಾದಾ. ಬರೆದುಕೊಂಡೆ.”

“ಯಾವ ಭಾಷೆಯಲ್ಲಿ?”

ಅವನು ಕುಹಕಕ್ಕೆ ಕೇಳಿದ್ದು. ಆದರೆ ಉತ್ತರ ನಿಜವಾಗಿಯೂ ಕನ್ನಡ ಎಂಬುದಾಗಿತ್ತು.

ಧಾರವಾಡದ ಕೃಷ್ಣವೇಣಿ ರೈಲ್ವೆಯ ಕಲ್ಲಪ್ಪನನ್ನು ಮದುವೆಯಾಗಿ ಕೋಲ್ಕತ್ತಾಕ್ಕೆ ಬಂದಾಗ ಅವಳಿಗೆ ಇಪ್ಪತ್ತಮೂರು. ಬಂಗಾಳಿ ಕಲಿತದ್ದು ಜನರ ಹೊಸ್ತಿಲ ಮೇಲೆ. ಹತ್ತೊಂಬತ್ತು ವರ್ಷಗಳಿಂದ ಒಂದು ಆರೋಗ್ಯ ಸಂಶೋಧನಾ ಸಂಸ್ಥೆಗಾಗಿ ಮನೆಮನೆಗೆ ಹೋಗಿ ಫಾರ್ಮು ತುಂಬುತ್ತಾಳೆ. ಬೀಗ ಹಾಕಿದ ಮನೆಗೆ ಮೂರು ಸಲ ಹೋಗುತ್ತಾಳೆ. ಪಕ್ಕದ ಮನೆಯವರ ಮಾತು ಕೇಳಿ ಫಾರ್ಮು ತುಂಬಿದವಳಲ್ಲ. ಫಾರ್ಮಿನಲ್ಲಿ ಜಾಗವಿಲ್ಲದ ಮಾತನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡುವುದು ಅವಳ ರೂಢಿ. ಅವಸರದಲ್ಲಿ ಕೈಗೆ ಬರುವುದು ಕನ್ನಡವೇ. ಕಂಪ್ಯೂಟರಿಗೆ ಅಂಕಿ ಏರಿಸುವವರಿಗೆ ಅದು ಗೀಚು.

ಈ ಗಲ್ಲಿಯ ಕುಡಿಯುವ ನೀರಿನ ಪೈಪು ಚರಂಡಿಯ ಒಳಗೇ ಹಾದುಹೋಗುತ್ತದೆ. ಅದನ್ನು ಬದಲಿಸಬೇಕೆ ಬೇಡವೆ ಎಂದು ತೀರ್ಮಾನಿಸಲು ನಗರಪಾಲಿಕೆಯವರು ಸಮೀಕ್ಷೆ ಮಾಡಿಸಿದ್ದರು. ಇನ್ನೂರ ಹನ್ನೆರಡು ಮನೆ, ಒಂದೊಂದಕ್ಕೆ ಒಂದೇ ಭೇಟಿ: ಆರು ತಿಂಗಳಲ್ಲಿ ಕಾಮಾಲೆ ಬಂದಿತ್ತೆ, ನೀರು ಕುದಿಸುತ್ತೀರಾ. ಕುದಿಸುವ ನಲವತ್ತೆಂಟು ಮನೆಗಳಲ್ಲಿ ಹತ್ತೊಂಬತ್ತಕ್ಕೆ ಕಾಮಾಲೆ, ನೂರಕ್ಕೆ ನಲವತ್ತು. ಕುದಿಸದ ನೂರ ಅರವತ್ತನಾಲ್ಕರಲ್ಲಿ ಹನ್ನೊಂದು, ನೂರಕ್ಕೆ ಏಳು. ಇಷ್ಟು ಸಾಕಾಯಿತು ಪಾಲಿಕೆಗೆ ಕರಪತ್ರ ಅಚ್ಚು ಹಾಕಲು. ಗುರುವಾರದ ಸಭೆಯಲ್ಲಿ ಪೈಪಿನ ಕಡತವನ್ನೇ ಮುಚ್ಚುವವರಿದ್ದರು.

ಸಂಸ್ಥೆಯ ಮೆಟ್ಟಿಲನ್ನು ಅವಳು ಎರಡೆರಡಾಗಿ ಹತ್ತಿದಳು. ಸಮೀಕ್ಷೆಯ ಹೊಣೆ ಹೊತ್ತ ಮೈಸೂರಿನ ಹುಡುಗ, ಡಾಕ್ಟರ್ ನಿತಿನ್, ಚಹಾ ಕುಡಿಯುತ್ತಿದ್ದ.

“ಮೇಡಂ, ಇದು ಕ್ರಾಸ್ ಸೆಕ್ಷನಲ್ ಸ್ಟಡಿ. ಎಲ್ಲಾನೂ ಒಂದೇ ಸಲ ಕೇಳೋದು. ಯಾವುದು ಮೊದಲು, ಯಾವುದು ಆಮೇಲೆ ಅಂತ ಇದ್ರಲ್ಲಿ ಗೊತ್ತಾಗಲ್ಲ. ನಾನು ಸಂಬಂಧ ಇದೆ ಅಂತ ಬರ್ದಿದೀನಿ ಅಷ್ಟೆ, ಕಾರಣ ಅಂತ ಎಲ್ಲೂ ಬರ್ದಿಲ್ಲ.”

“ನೀವು ಸಂಬಂಧ ಅಂತ ಬರದ್ರಿ, ಅವರು ಕಾರಣ ಅಂತ ಗ್ವಾಡಿಗೆ ಹಚ್ಯಾರ. ಹಚ್ಚೂಮುಂದ ಯಾಕ ಸುಮ್ಮನ ಕುಂತ್ರಿ? ಮಳ್ಯಾಗ ಕೊಡಿ ಬಿಚ್ಚಿದವರನ್ನ ಎಣಿಸಿ, ಕೊಡೀನ ಮಳಿ ತರಿಸ್ತು ಅಂದಂಗಾತು!”

“ಎಂದಿನಿಂದ ಕುದಿಸ್ತಿದಾರೆ ಅನ್ನೋ ಪ್ರಶ್ನೆ ಫಾರ್ಮಲ್ಲೇ ಇಲ್ವಲ್ಲ ಮೇಡಂ.”

“ಇಡೂಣು ಅಂತ ನಾ ಅಂದಿದ್ದೆ. ಎರಡನೇ ಹಾಳಿ ಆಗ್ತದ ಅಂತ ತಗದವರು ಯಾರ್ರೀ?”

ತೆಗೆದವನು ಅವನೇ. ನಿತಿನ್ ಲೋಟ ಕೆಳಗಿಟ್ಟ.

ಆ ದಿನ ಮನೆಯಲ್ಲಿ ಅವಳು ತಟ್ಟೆ ಮುಟ್ಟಲಿಲ್ಲ. “ಹಸಕೊಂಡು ಎಣಿಸಿದ್ರ ಹತ್ತು ಹೋಗಿ ಹನ್ನೊಂದಾಗ್ತಾವ. ಉಂಡು ಸಿಟ್ಟಾಗು,” ಎಂದ ಕಲ್ಲಪ್ಪ.

“ಮಗಳ ಆರೈಕಿ ಮಾಡಿದಾಕಿನ್ನ ಕೊಳಕಿ ಅಂತಾರ್ರೀ! ಅದೂ ನಾ ತುಂಬಿದ ಫಾರ್ಮ್ ತೋರಿಸಿ!” ಎಂದಳು. ಅವನು ತಟ್ಟೆಯನ್ನು ಅವಳತ್ತ ಇನ್ನಷ್ಟು ಸರಿಸಿದ.

ಬುಧವಾರವಿಡೀ ಅವಳು ಫಾರ್ಮಿನ ಕಟ್ಟುಗಳನ್ನು ಬಿಚ್ಚಿ ಅಂಚುಗಳನ್ನು ಓದಿ ಹೇಳಿದಳು, ನಿತಿನ್ ಬರೆದುಕೊಂಡ. ಮನೆಯಲ್ಲಿ ಕಾಮಾಲೆ ಬಂದ ಮೇಲೆ ಕುದಿಸಲು ಹಿಡಿದವರನ್ನು, ಕಾಮಾಲೆ ಬರುವ ಮೊದಲು ಅವರಿದ್ದ ಕಡೆಗೆ, ಕುದಿಸದವರ ಸಾಲಿಗೆ ಸರಿಸಿದ. ಲೆಕ್ಕ ತಲೆಕೆಳಗಾಯಿತು. ಮೊದಲಿನಿಂದ ಕುದಿಸುತ್ತಿದ್ದ ಮನೆಗಳಲ್ಲಿ ನೂರಕ್ಕೆ ಆರು, ಕುದಿಸದವುಗಳಲ್ಲಿ ನೂರಕ್ಕೆ ಹದಿನೈದು. ಅವನು ಎರಡು ಸಲ ಮಾಡಿ ನೋಡಿದ. “ತಪ್ಪು ನಂದೇ ಮೇಡಂ. ನಾಳೆ ನೀವೂ ಬನ್ನಿ,” ಎಂದ.

ಪೈಪು ಬದಲಾಗಲು ಆಮೇಲೆ ನಾಲ್ಕು ತಿಂಗಳು ಹಿಡಿಯಿತು. ಕರಪತ್ರವನ್ನು ಸಭೆಯ ಮರುದಿನವೇ ಕೆರೆದು ತೆಗೆದರು, ಆದರೆ ಮಿಹಿರನ ಹೆಂಡತಿಯ ಬಾಗಿಲಿಗೆ ಬಂದು ತಪ್ಪಾಯಿತೆಂದವಳು ಕೃಷ್ಣವೇಣಿ ಒಬ್ಬಳೇ. ಇದೆಲ್ಲ ಆದದ್ದು ಗುರುವಾರದ ಸಭೆಯಿಂದ. ಅಲ್ಲಿ ಹನ್ನೊಂದು ಜನರಿಗೆ ಕುರ್ಚಿಯಿತ್ತು, ಅವಳಿಗಿರಲಿಲ್ಲ. ನಿತಿನ್ ಹೊಸ ಲೆಕ್ಕ ಓದಿ ಮುಗಿಸಿದಾಗ ಪಾಲಿಕೆಯ ಇಂಜಿನಿಯರ್ ನಕ್ಕರು.

“ಫಾರ್ಮಿನ ಅಂಚು ನೋಡಿ ರಸ್ತೆ ಅಗೆಯುವುದೆ? ಕುದಿಸುವ ಮನೆಗಳಲ್ಲಿ ಕಾಮಾಲೆ ಬಂದದ್ದು ಹತ್ತೊಂಬತ್ತಕ್ಕೆ. ಅವರಲ್ಲಿ ರೋಗ ಬಂದ ಮೇಲೆ ಕುದಿಸಲು ಶುರು ಮಾಡಿದವರು ಎಷ್ಟು ಮಂದಿ ಇದ್ದಾರು? ಒಂದು? ಎರಡು?”

ಗೋಡೆಗೆ ಒರಗಿ ನಿಂತಿದ್ದ ಕೃಷ್ಣವೇಣಿ ಬಂಗಾಳಿಯಲ್ಲಿ, ಇಡೀ ಕೋಣೆಗೆ ಕೇಳುವಂತೆ ಹೇಳಿದಳು: “ಹದಿನೇಳು.”