ಮೇಷ್ಟ್ರು ಅಳಿಸದ ಮಿನಾರು

ಮೊನ್ನೆ ಪಕ್ಕದ ಮನೆಯ ಬಾಗಿಲಿಗೆ ಬಣ್ಣ ಬಳಿಯಲು ಬಂದವನು ಅಗಸೆ ಎಣ್ಣೆಯ ಡಬ್ಬಿ ತೆರೆದ. ಡ್ರಾಯಿಂಗ್ ಮೇಷ್ಟ್ರ ಕೋಟಿನ ತೋಳಿಗೆ ಸದಾ ಅದೇ ವಾಸನೆ ಇರುತ್ತಿತ್ತು...

ಅರವತ್ತರ ದಶಕದ ಮೊದಲ ವರ್ಷಗಳು. ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ನಾನು ಹೊಸ ಟೀಚರು. ಮೇಷ್ಟ್ರೂ ನಾನೂ ಹರಿಹರದವರು. ದಿನಾ ಒಂದೇ ರೈಲಿನಲ್ಲಿ ಬರುತ್ತಿದ್ದೆವು. ಅವರದು ದೇವರ ಪಟ ಬರೆಯುವವರ ಮನೆತನ. ಮುತ್ತಜ್ಜ ನೂರು ವರ್ಷದ ಹಿಂದೆ ಹೊಳೆಯಾಚೆ ಕುಳಿತು ಬರೆದ ಹರಿಹರದ ಚಿತ್ರವೊಂದು ಅವರಲ್ಲಿತ್ತು. ಯಾರೋ ಬಿಳಿಯ ಅಧಿಕಾರಿ ಗುಡಿಯನ್ನಷ್ಟೇ ಬರೆಸಿಕೊಂಡು ಹೋದನಂತೆ. ಮುತ್ತಜ್ಜ ಮನೆಗೆಂದು ಇಡೀ ಊರನ್ನು ಬರೆದಿಟ್ಟುಕೊಂಡಿದ್ದರು: ಗುಡಿ, ಮಸೀದಿಯ ಮಿನಾರು, ಹರಿಗೋಲು, ಬಟ್ಟೆ ಒಗೆಯುವ ಹೆಂಗಸರು.

ಅದನ್ನು ಶಾಲೆಯ ಹೊಸ ಹಾಲ್‌ನಲ್ಲಿ ತೂಗುಹಾಕುವುದೆಂದಾಯಿತು. ಹಾಲ್ ಕಟ್ಟಿಸಿಕೊಟ್ಟ ಸಾಹುಕಾರರು ಬಂದು ನೋಡಿದರು.

"ಚಿತ್ರ ಚಲೋ ಐತ್ರಿ. ಆ ಮಿನಾರು ಒಂದು ಅಳಿಸಿಬಿಡ್ರಿ, ಗುಡಿ ಎದ್ದು ಕಾಣ್ಲಿ."

ಹೆಡ್ಮಾಸ್ಟರು ಆಗಲಿ ಎಂದು ತಲೆಯಾಡಿಸಿದರು. ಮೇಷ್ಟ್ರು ಚಿತ್ರವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡರು. ಅವರ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮನೆಯಲ್ಲಿ ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳಿದ್ದರು.

ನಮ್ಮ ಅಬ್ಬಾ ಪ್ರತಿ ಶುಕ್ರವಾರ ನಮಾಜಿಗೆ ಹೋಗುತ್ತಿದ್ದುದು ಅದೇ ಮಸೀದಿಗೆ. ಆದರೂ ಹೆದರಿಕೆ... ಮೇಷ್ಟ್ರ ನೌಕರಿಯದಷ್ಟೇ ಅಲ್ಲ. ನಿಜ ಹೇಳಬೇಕೆಂದರೆ, ಮಾತು ಬೆಳೆದು ನನ್ನ ಕಡೆಗೂ ತಿರುಗೀತೆಂದು. ಆ ವಾರ ಒಂದು ಸಂಜೆ ರೈಲಿನಲ್ಲಿ ಬಾಯಿಬಿಟ್ಟೆ.

"ಅಳಿಸಿಬಿಡ್ರಿ ಸರ್. ಬೆರಳಿನಷ್ಟು ಬಣ್ಣ. ಯಾಕ ಬೇಕು ತಂಟೆ?"

ಅವರು ನನ್ನ ಮುಖವನ್ನೇ ನೋಡಿದರು. "ನೀವೂ ಹಿಂಗಂತೀರೇನ್ರಿ, ಟೀಚರ್?" ಆಮೇಲೆ ಮೆಲ್ಲಗೆ, "ಅದರಾಗಿಂದ ನಿಮ್ಮನ್ನ ತೆಗದು, ಇದು ನಮ್ಮೂರು ಅಂತ ಹುಡುಗ್ರಿಗೆ ಹೆಂಗೆ ತೋರಿಸ್ಲಿ?" ಅಂದರು.

ಹರಿಹರ ಬರುವವರೆಗೂ ನಾನು ಕಿಟಕಿಯ ಹೊರಗೇ ನೋಡುತ್ತ ಕುಳಿತೆ.

ಹಾಲ್ ಉದ್ಘಾಟನೆಯ ದಿನ ಗೋಡೆ ಖಾಲಿಯಿತ್ತು. ಮೇಷ್ಟ್ರು ಚಿತ್ರವನ್ನು ತಂದಿರಲೇ ಇಲ್ಲ. ಬೇಸಿಗೆ ರಜೆ ಮುಗಿದಾಗ ಡ್ರಾಯಿಂಗ್ ಕ್ಲಾಸಿಗೆ ಬೇರೆಯವರು ಬಂದರು. ಮೇಷ್ಟ್ರು ಸಂಸಾರ ಕಟ್ಟಿಕೊಂಡು ಹುಬ್ಬಳ್ಳಿ ಕಡೆ ಅಂಗಡಿ ಬೋರ್ಡು ಬರೆಯಲು ಹೊರಡುತ್ತಾರೆಂದು ಕೇಳಿದೆ. ಅವರ ಮನೆ ನಮ್ಮ ಮನೆಯಿಂದ ನಾಲ್ಕೇ ಓಣಿಯಾಚೆ. ಹೊರಡುವ ಮುಂಚೆ ಹೋಗಿ ಒಂದು ಮಾತಾಡಬಹುದಿತ್ತು. ಹೋಗಲಿಲ್ಲ. ನನ್ನ ನೌಕರಿ ಆ ವರ್ಷವೇ ಕಾಯಂ ಆಯಿತು.

ಅವರು ತೀರಿಕೊಂಡು ಎಷ್ಟೋ ವರ್ಷವಾಯಿತಂತೆ; ಚಿತ್ರ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಹಳೆಯ ವಿದ್ಯಾರ್ಥಿನಿಯರು ಈಗಲೂ ಆಗಾಗ ಮನೆಗೆ ಬರುತ್ತಾರೆ. "ನಿಮಗೆ ಯಾರ ಹೆದರಿಕೇನೂ ಇರ್ಲಿಲ್ಲ ಬಿಡ್ರಿ ಟೀಚರ್" ಅನ್ನುತ್ತಾರೆ. ನಾನು ಚಹಾ ಇಡಲು ಒಳಗೆ ಹೋಗುತ್ತೇನೆ.