ಕುಸುಬಿ ಎಣ್ಣೆ ಕುಡಿದ ಟೈಪ್‌ರೈಟರ್

ನಮ್ಮಪ್ಪ ಯಲಬುರ್ಗಾದ ತಹಶೀಲ್ದಾರ್ ಕಚೇರಿಯ ಎದುರು, ಬೇವಿನ ಮರದ ಕಟ್ಟೆಯ ಮೇಲೆ ಕೂತು ಕನ್ನಡದ ಟೈಪ್‌ರೈಟರಿನಲ್ಲಿ ಜನರ ಅರ್ಜಿಗಳನ್ನು ಟೈಪ್ ಮಾಡಿಕೊಡುತ್ತಿದ್ದ. ಶಾಲೆ ಬಿಟ್ಟ ಮೇಲೆ ನಾನು ಸೀದಾ ಅಲ್ಲಿಗೇ ಹೋಗಿ ಅವನ ಬೆನ್ನಿಗೆ ಒರಗಿ ಕೂಡುತ್ತಿದ್ದೆ. ಟಕಟಕ ಸದ್ದು ಅವನ ಬೆನ್ನಿನಿಂದ ನನ್ನ ಬೆನ್ನಿಗೆ ಇಳಿಯುತ್ತಿತ್ತು. ಸಾಲು ಮುಗಿದಾಗೊಮ್ಮೆ ಸಣ್ಣ ಗಂಟೆ ಟಿಣ್ ಅನ್ನುತ್ತಿತ್ತು, ಅಷ್ಟರಲ್ಲಿ ನನಗೆ ಜೊಂಪು ಹತ್ತಿರುತ್ತಿತ್ತು. ಇವತ್ತಿಗೂ ಮಧ್ಯಾಹ್ನ ತುಸು ಕಣ್ಣು ಮುಚ್ಚಿದರೆ ಆ ಗಂಟೆ ಎಲ್ಲೋ ದೂರದಲ್ಲಿ ಕೇಳಿಸುತ್ತದೆ, ಬೇವಿನ ಹೂವು ಮೈಮೇಲೆ ಉದುರಿದಂತೆ ಆಗುತ್ತದೆ.

ಹೈಸ್ಕೂಲಿಗೆ ಬರುವ ಹೊತ್ತಿಗೆ ನಾನೂ ಟೈಪ್ ಮಾಡುವುದನ್ನು ಕಲಿತಿದ್ದೆ. ಅಪ್ಪ ಕಲಿಸಿದ್ದೇನು ಪ್ರೀತಿಯಿಂದಲ್ಲ. ಕದ್ದುಮುಚ್ಚಿ ಕೀಲಿ ಒತ್ತಿ ರಿಬ್ಬನ್ ಹಾಳು ಮಾಡುತ್ತೇನೆಂದು ಬೇಸತ್ತು, "ಹಾಳ ಮಾಡೂದಾದ್ರ ಕಲ್ತು ಮಾಡು" ಎಂದು ಕೂರಿಸಿದ್ದ. ಸಂಜೆ ಮನೆಯಲ್ಲಿ ಅವನು ಹೇಳುತ್ತಿದ್ದ, ನಾನು ಟೈಪ್ ಮಾಡುತ್ತಿದ್ದೆ.

ಎಂಬತ್ತರ ದಶಕದ ಶುರುವಿನ ಮಾತು. ನಾನಾಗ ಮೆಟ್ರಿಕ್ ಮುಗಿಸಿ ಮನೆಯಲ್ಲಿದ್ದೆ. ಮಳೆಗಾಲದ ಒಂದು ಬೆಳಿಗ್ಗೆ ಅಪ್ಪನಿಗೆ ಲಕ್ವಾ ಹೊಡೆಯಿತು. ತೊದಲುತ್ತಿದ್ದ ಮಾತು ಕೆಲವು ವಾರಗಳಲ್ಲಿ ಮರಳಿ ನೆಟ್ಟಗಾಯಿತು, ಕಾಲೂ ಎಳೆದುಕೊಂಡು ನಡೆಯುವಷ್ಟಾಯಿತು, ಬಲಗೈ ಮಾತ್ರ ಸ್ವಾಧೀನಕ್ಕೆ ಬರಲಿಲ್ಲ. ಟೈಪ್‌ರೈಟರು ಪಡಸಾಲೆಯ ಮೂಲೆಯಲ್ಲಿ ಅವ್ವನ ಹಳೆಯ ಇಳಕಲ್ ಸೀರೆಯ ತುಂಡು ಹೊದ್ದು ಕೂತಿತು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅಪ್ಪ ಹೊರಸಿನ ಮೇಲಿಂದಲೇ ಹೇಳಿದ: "ಗಂಗಾವತ್ಯಾಗ ಒಬ್ಬ ಹುಡುಗ ಟೈಪಿಂಗ್ ಕ್ಲಾಸ್ ತೆಗಿಯಾಕತ್ಯಾನಂತ. ಆಯ್ತವಾರ ಬಂದು ನೋಡ್ತಾನ. ಮಾರಿ ಬಿಡೂನು."

ನನ್ನ ಮನಸ್ಸಿನಲ್ಲಿ ಬೇರೆಯೇ ಇತ್ತು. ಆ ಕಟ್ಟೆಯ ಮೇಲೆ ನಾನು ಕೂಡಬೇಕು, ಜನರ ಅರ್ಜಿ ನಾನು ಟೈಪ್ ಮಾಡಬೇಕು. ಆಗ ಆ ಕಟ್ಟೆಯ ಮೇಲೆ ಹೆಂಗಸರು ಕೂಡುತ್ತಿರಲಿಲ್ಲ, ಕೆಲಸವಿದ್ದು ಬಂದವರೂ ದೂರ ನಿಂತು ಸೆರಗು ಹೊದ್ದು ಮಾತಾಡುತ್ತಿದ್ದರು. ಅವ್ವನ ಮುಂದೆ ಒಮ್ಮೆ ಬಾಯಿಬಿಟ್ಟೆ.

"ಕಚೇರಿ ಕಟ್ಟಿ ಹೆಣ್ಮಕ್ಕಳು ಕುಂದ್ರೂ ಜಾಗಾ ಏನು? ಸುಮ್ನ ರೊಟ್ಟಿ ಬಡಿ" ಅಂದಳು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆ ದಿನದ ರೊಟ್ಟಿಗಳನ್ನು ಎಷ್ಟು ಜೋರಾಗಿ ಬಡಿದೆನೆಂದರೆ ಒಂದೂ ಉಬ್ಬಲಿಲ್ಲ. ಆದರೆ ಅಪ್ಪನ ಮುಂದೆ ನಾಲಗೆ ಏಳಲಿಲ್ಲ. ನಾನು ಕೂಡುತ್ತೇನೆ ಎಂದರೆ, ಅಪ್ಪಾ ನಿನ್ನ ಕೈ ಇನ್ನು ಬರುವುದಿಲ್ಲ ಎಂದು ನಾನೇ ಹೇಳಿದಂತೆ ಆಗುತ್ತಿತ್ತು. ಮನೆಯಲ್ಲಿ ಯಾರೂ ಆ ಮಾತನ್ನು ಇನ್ನೂ ಆಡಿರಲಿಲ್ಲ.

ಮಾರುವ ಮೊದಲು ಮಷೀನನ್ನು ಚೆನ್ನಾಗಿ ಪರೀಕ್ಷೆ ಮಾಡು ಎಂದು ಅಪ್ಪ ನನಗೇ ಹೇಳಿದ. "ಅದರ ಹುಳುಕೆಲ್ಲ ಮೊದಲ ನಮಗ ಗೊತ್ತಿರಬೇಕು. ಬಂದಾಂವ ಹುಡುಕಿ ತೆಗದ್ರ ಮರ್ಯಾದಿ ಹೋಗತೈತಿ. ನಾವ ಹೇಳಿದ್ರ ಏನೂ ಹೋಗಂಗಿಲ್ಲ."

ಸೀರೆಯ ತುಂಡು ತೆಗೆದೆ. ಒಂದು ಕೀಲಿ ಒತ್ತಿದೆ. ಅಕ್ಷರದ ಕಡ್ಡಿ ಅರ್ಧ ಎದ್ದು ಅಲ್ಲೇ ನಿಂತಿತು. ಇನ್ನೊಂದು ಒತ್ತಿದೆ, ಅದು ಏಳಲೇ ಇಲ್ಲ. ಕಡ್ಡಿಗಳ ಬುಡಕ್ಕೆ ಬೆರಳು ತಾಗಿಸಿದರೆ ಜಾಲಿಯ ಅಂಟಿನಂಥದು ಹತ್ತಿತು, ಅದರಲ್ಲಿ ಅರಿಶಿನ, ಕುಂಕುಮ, ಒಂದು ಒಣ ಸೇವಂತಿಗೆ ಎಸಳು.

"ಇದಕ್ಕ ಯಾರು ಏನ್ ಹಾಕ್ಯಾರ?" ಎಂದು ಕೂಗಿದೆ.

ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಮಹಾನವಮಿಯಲ್ಲಿ ನಮ್ಮ ಕಡೆ ಖಂಡೇಪೂಜೆಗೆ ಕುಡಗೋಲು, ಕೊಡಲಿ, ತಕ್ಕಡಿ, ಮನೆಯನ್ನು ಸಾಕಿದ್ದೆಲ್ಲವನ್ನೂ ತೊಳೆದು ಸಾಲಾಗಿ ಇಡುತ್ತಾರೆ. ಪ್ರತಿ ವರ್ಷ ಟೈಪ್‌ರೈಟರನ್ನು ಒರೆಸಿ ಇಡುತ್ತಿದ್ದವನು ಅಪ್ಪ. ಆ ವರ್ಷ ಅವನು ಹಾಸಿಗೆ ಹಿಡಿದಿದ್ದನಲ್ಲ, ಅವ್ವ ತಾನೇ ಪೂಜೆ ಮಾಡಿದ್ದಳು.

"ಬಿಕೋ ಅಂತ ಕುಂತಿತ್ತವಾ. ಕೈಯಾಡಸೋರು ಇಲ್ಲ. ಬೇವೂರಿಂದ ಬಂದ ಹೊಸಾ ಕುಸುಬಿ ಎಣ್ಣಿ ಇತ್ತು, ಕೂಸಿನ ನೆತ್ತಿಗೆ ಹಚ್ಚಿದಂಗ ಒಂದೀಟು ಹಾಕಿದೆ. ಹಬ್ಬದ ದಿನ ಅಲ್ಲೇನು."

ಒಂದೀಟು ಅಲ್ಲ, ಧಾರಾಳವಾಗಿಯೇ ಹಾಕಿದ್ದಳು. ಕುಸುಬಿ ಎಣ್ಣೆ ಪಲ್ಯಕ್ಕೆ ಅಮೃತ, ಕಬ್ಬಿಣದ ಮೇಲೆ ಒಣಗಿದರೆ ಅರಗು. ಅವಳ ಜಾಗದಲ್ಲಿದ್ದರೆ ನಮ್ಮ ಕಡೆಯ ಯಾವ ಹೆಂಗಸೂ ಬೇರೆ ಎಣ್ಣೆ ಹಾಕುತ್ತಿರಲಿಲ್ಲ, ಪೂಜೆಗೆ ಸಲ್ಲುವ ಇನ್ನೊಂದು ಎಣ್ಣೆ ಮನೆಯಲ್ಲಿ ಇದ್ದರಲ್ಲವೇ? ನನ್ನ ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡೆ.

ನುಂಗಿಕೊಂಡ ಮೇಲೆ ಒಂದು ಆಲೋಚನೆ ಬಂತು. ಹೀಗೇ ಬಿಟ್ಟರೆ? ಗಂಗಾವತಿಯವನು ಬರುತ್ತಾನೆ, ಒತ್ತಿ ನೋಡುತ್ತಾನೆ, ಕೈ ಕೊಡವಿಕೊಂಡು ಹೋಗುತ್ತಾನೆ. ಮಷೀನು ನಮ್ಮ ಮನೆಯಲ್ಲೇ ಉಳಿಯುತ್ತದೆ. ಅದರ ಮುಂದೆ ಬಹಳ ಹೊತ್ತು ಕೂತೆ. ಎದ್ದು ನಿಂತೂ ಬೀಳಲಾರದ ಆ ಒಂದು ಅಕ್ಷರವನ್ನೇ ನೋಡುತ್ತಿದ್ದೆ. ಹೊರಸಿನ ಮೇಲೆ ಅಪ್ಪ ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದ. ಎದ್ದು ಹೋಗಿ ಚಿಮಣಿ ಎಣ್ಣೆಯ, ಅಂದರೆ ಸೀಮೆಎಣ್ಣೆಯ ಡಬ್ಬಿ ತಂದೆ.

ಮರುದಿನವೆಲ್ಲ ಅಂಗಳದ ಬಿಸಿಲಿನಲ್ಲಿ ಅದೇ ಕೆಲಸ. ಹಳೆಯ ಬ್ರಶ್ಶಿಗೆ ಚಿಮಣಿ ಎಣ್ಣೆ ಅದ್ದಿ ಒಂದೊಂದೇ ಕಡ್ಡಿ ತಿಕ್ಕಿದೆ. ಹಳದಿ ಅಂಟು ಕರಗಿ ತಟ್ಟೆಗೆ ಇಳಿಯುತ್ತಿತ್ತು. ಅಪ್ಪ ನೆರಳಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಚಳಿಗಾಲದ ಆ ಬಿಸಿಲು ಎಷ್ಟು ಹಿತವಾಗಿತ್ತೆಂದರೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಹಿತ್ತಿಲಿನ ಆಚೆಗೆ ಎರೆಹೊಲ, ಹೊಲದ ತುಂಬ ಕುಸುಬಿ ಹೂವು, ಗಾಳಿ ಬಂದಾಗ ಆ ಹಳದಿಯೆಲ್ಲ ಒಂದೇ ಕಡೆಗೆ ವಾಲುತ್ತಿತ್ತು. ಎಚ್ಚರವಾಗಿದ್ದೇನೋ ಇಲ್ಲವೋ ಎಂಬ ಸ್ಥಿತಿಯಲ್ಲಿ ಬೆರಳು ತಾವೇ ತಿಕ್ಕುತ್ತಿದ್ದವು. ಅಕ್ಷರಗಳು ಒಂದೊಂದಾಗಿ ಎದ್ದು, ಬಿದ್ದು, ಮತ್ತೆ ತಮ್ಮ ಜಾಗಕ್ಕೆ ಹೋಗಿ ಮಲಗತೊಡಗಿದವು. ಒಂದು ಹಾಳೆ ಸಿಕ್ಕಿಸಿ ಎಲ್ಲ ಕೀಲಿಗಳನ್ನೂ ಒತ್ತುತ್ತಾ ಹೋದೆ.

"ಬಲಗಡೆ ಒಂದು ಅಕ್ಷರ ಸಾವಕಾಶ ಬೀಳಾಕತ್ತೈತಿ" ಅಂದ ಅಪ್ಪ, ಕಣ್ಣು ತೆರೆಯದೆ. ಅವನು ಮಲಗಿದ್ದಾನೆ ಎಂದುಕೊಂಡಿದ್ದೆ. ಆ ಕಡ್ಡಿಯನ್ನು ಇನ್ನೊಮ್ಮೆ ತಿಕ್ಕಿದೆ. ಮಷೀನು ಎಷ್ಟು ಚೆನ್ನಾಗುತ್ತಾ ಬಂತೋ ನನಗೆ ಅಷ್ಟಷ್ಟು ಅಳು ಬರುತ್ತಿತ್ತು.

ಆಯ್ತವಾರ ಗಂಗಾವತಿಯ ಹುಡುಗ ಬಂದ. ಇಸ್ತ್ರಿ ಅಂಗಿ, ಕೈಗಡಿಯಾರ, ಮಾತಿನಲ್ಲಿ ತುಸು ತೆಲುಗಿನ ಎಳೆತ. ಅಪ್ಪ ಅವನಿಗೆ ಚಹಾ ಕೊಡುವ ಮೊದಲೇ ಕೊರತೆಗಳನ್ನೆಲ್ಲ ಒಪ್ಪಿಸಿದ: ರೋಲರಿನಲ್ಲಿ ಒಂದು ಕಡೆ ತಗ್ಗು ಬಿದ್ದಿದೆ, 'ಳ' ಮಸುಕು, ಮನೆಯವಳು ಹಬ್ಬಕ್ಕೆ ಕುಸುಬಿ ಎಣ್ಣೆ ಕುಡಿಸಿದ್ದಳು. ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹುಡುಗ ನಕ್ಕ.

"ಇರ್ಲಿ ಬಿಡ್ರಿ ಕಾಕಾ. ಒಂದು ಪೂರಾ ಅರ್ಜಿ ಹೊಡದು ತೋರಸ್ರಿ, ನಡಿಗಿ ನೋಡ್ತೀನಿ."

"ನನ್ನ ಮಗಳು ಹೊಡೀತಾಳ" ಅಂದ ಅಪ್ಪ. "ನಾ ಹೇಳ್ತೀನಿ."

ನಾನು ಕೂತೆ. ಅಪ್ಪ ಶುರು ಮಾಡಿದ. ಮಾನ್ಯ ತಹಶೀಲ್ದಾರ ಸಾಹೇಬರ ಸನ್ನಿಧಾನಕ್ಕೆ, ಕೆಳಗೆ ಸಹಿ ಮಾಡಿದ ಅರ್ಜಿದಾರರ ಅರಿಕೆ ಏನೆಂದರೆ. ಅವನ ದನಿ ಕಟ್ಟೆಯ ಮೇಲಿನ ದನಿಯಾಯಿತು. ನನ್ನ ಬೆರಳು ಓಡಿದವು. ಗಂಟೆ ಟಿಣ್ ಅಂದಿತು. ಅಷ್ಟು ತಿಂಗಳು ಸುಮ್ಮನಿದ್ದ ಮನೆಯಲ್ಲಿ ಆ ಸದ್ದು ತುಂಬಿಕೊಂಡಿತು. ಎದುರಿಗೆ ಕೂತ ಹುಡುಗ ದೂರ ಸರಿದಂತೆ, ಬೇವಿನ ನೆರಳು ನಮ್ಮ ಪಡಸಾಲೆಗೇ ಬಂದಂತೆ ಅನ್ನಿಸಿತು.

ಕಟ್ಟೆಯ ಮೇಲೆ ಅಪ್ಪನದೊಂದು ಕ್ರಮವಿತ್ತು. ಅರ್ಧ ಅರ್ಜಿ ಆದ ಮೇಲೆ ನಿಲ್ಲಿಸಿ, ಎದುರಿಗೆ ಕೂತವರನ್ನು ಕೇಳುತ್ತಿದ್ದ. ಜನ ತಮ್ಮ ಗೋಳನ್ನೆಲ್ಲ ಹೇಳಿಕೊಂಡು, ಬೇಕಾದದ್ದನ್ನೇ ಕೇಳಲು ಮರೆಯುತ್ತಾರೆ ಎಂದು ಅವನ ಅನುಭವ. ಈಗಲೂ ರೂಢಿಯ ಮೇಲೆ ನಿಲ್ಲಿಸಿದ. ಎದುರಿಗೆ ಇದ್ದವಳು ನಾನು.

"ಕಡೀಕ ನಿನಗ ಏನ್ ಬೇಕು, ಒಂದ ಮಾತಿನ್ಯಾಗ ಹೇಳು."

ಪರೀಕ್ಷೆಗೆಂದು ಏನೋ ಒಂದು ಹೇಳಬಹುದಿತ್ತು, ಪಹಣಿಯ ನಕಲು, ಬಾವಿಯ ಪರವಾನಗಿ, ಯಾವುದಾದರೂ.

"ಮಷೀನ್ ಮಾರಬ್ಯಾಡಪ್ಪಾ" ಅಂದೆ. "ಕಟ್ಟಿ ಮ್ಯಾಲ ನಾ ಕುಂದ್ರತೀನಿ."

ಅವ್ವ ಏನೋ ಹೇಳಲು ಬಾಯಿ ತೆರೆದಳು. ಅಪ್ಪ ಅವಳ ಕಡೆ ಎಡಗೈ ಎತ್ತಿದ. ಅವನ ಕಣ್ಣು ತುಂಬಿದ್ದವು. ತನ್ನ ಬಲಗೈಯನ್ನು ನೋಡಿದ, ಆಮೇಲೆ ನನ್ನ ಎರಡೂ ಕೈಗಳನ್ನು ನೋಡಿದ. ಹೇಳಬಾರದೆಂದು ನಾನು ಅಷ್ಟು ದಿನ ಕಾದಿಟ್ಟ ಮಾತು ಅವನಿಗೆ ಮುಟ್ಟಿತ್ತು. ನನಗೆ ಭಯವಾಯಿತು.

"ಹಂಗ ಬರಿಯಾಕ ಬರಂಗಿಲ್ಲ" ಅಂದ ಕೊನೆಗೆ. "ಕುಂದ್ರತೀನಿ ಅಂದ್ರ ಹಟ ಆಗತೈತಿ, ಅರ್ಜಿ ಆಗಂಗಿಲ್ಲ. 'ಕುಳಿತುಕೊಳ್ಳಲು ಅಪ್ಪಣೆ ದಯಪಾಲಿಸಬೇಕಾಗಿ ವಿನಂತಿ' ಅಂತ ಹೊಡಿ. ನಾಳಿ ಮಂದಿಗೂ ನೀ ಹಿಂಗ ಬರದು ಕೊಟ್ರ ಕಚೇರ್ಯಾಗ ಯಾರು ಓದ್ತಾರ?"

ನಾಳೆ ಸೋಮವಾರವಾಗಿತ್ತು, ಕಚೇರಿ ತೆರೆಯುವ ದಿನ.

ಹುಡುಗ ಬಗ್ಗಿ ತನ್ನ ಚೀಲ ಎತ್ತಿಕೊಂಡ. ಅಪ್ಪ ಅವನನ್ನು ಊಟಕ್ಕೆ ನಿಲ್ಲಿಸಿ, "ಬ್ಯಾಸರ ಮಾಡ್ಕೋಬ್ಯಾಡ ತಮ್ಮಾ, ಮಷೀನ್ ಭಾಳ ಛಲೋ ಐತಿ, ಅದಕ್ಕ ಕೊಡಂಗಿಲ್ಲ" ಅಂದ. ನನ್ನ ಕಡೆ ತಿರುಗಿ, "ಯಾಕ ನಿಂತಿ, ಹೊಡಿ" ಅಂದ. ನಾನು ಕಣ್ಣೊರೆಸಿಕೊಂಡು ಹೊಡೆದೆ.